ಉತ್ತರದವರಿಗೆ ಬಾಗಿಲು ತೆರೆದದ್ದು 1963ರಲ್ಲಿ

ನಾರ್ವೆಯ ಫುಟ್ಬಾಲ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹಾಲಂಡ್ ಮತ್ತು ಓಡೆಗಾರ್ಡ್ ಅನ್ನುವ ಇಬ್ಬರು ಆಟಗಾರರು, ಅಷ್ಟೆ. ಇನ್ನೂ ಸ್ವಲ್ಪ ಆಸಕ್ತಿ ಇರುವವರಿಗೆ ಬೋಡೋ/ಗ್ಲಿಮ್ಟ್ ತಂಡ 2021ರಲ್ಲಿ ಇಟಲಿಯ ರೋಮಾ ವಿರುದ್ಧ 6-1ರಿಂದ ಗೆದ್ದದ್ದು ನೆನಪಿರುತ್ತದೆ. ಇವತ್ತು ಅದಕ್ಕಿಂತ ಬಹಳ ಹಳೆಯದಾದ ಒಂದು ವಿಷಯ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದಿ.

ನಾರ್ವೆಯ ರಾಷ್ಟ್ರೀಯ ಕಪ್ ಶುರುವಾದದ್ದು 1902ರಲ್ಲಿ. ಸ್ವೀಡನ್ನಿನ ಜೊತೆಗಿನ ಒಕ್ಕೂಟದಿಂದ ಹೊರಬಂದು ನಾರ್ವೆ ಸ್ವತಂತ್ರವಾದದ್ದು 1905ರಲ್ಲಿ. ಅಂದರೆ ದೇಶಕ್ಕಿಂತ ಕಪ್ಪೇ ಮೂರು ವರ್ಷ ದೊಡ್ಡದು. ದೇಶವ್ಯಾಪಿ ಲೀಗ್ ಬಂದದ್ದು ಇನ್ನೂ ಬಹಳ ತಡವಾಗಿ, 1937-38ರ ಸೀಸನ್ನಿನಲ್ಲಿ. ಅಲ್ಲಿಯವರೆಗೆ ಇಡೀ ದೇಶಕ್ಕೆ ಯಾರು ಮೊದಲಿಗರು ಅಂತ ತೀರ್ಮಾನವಾಗುತ್ತಿದ್ದದ್ದು ಈ ನಾಕೌಟಿನಲ್ಲೇ, ಅಂದರೆ ಸೋತವರು ಹೊರಬೀಳುವ ಟೂರ್ನಿಯಲ್ಲೇ. ಅದಕ್ಕೇ ಇವತ್ತಿಗೂ ನಾರ್ವೆ ಚಾಂಪಿಯನ್ ಅನ್ನುವ ಬಿರುದು ಕಪ್ ಗೆದ್ದವರದ್ದು. ಲೀಗ್ ಗೆದ್ದವರನ್ನು ಲೀಗ್ ಚಾಂಪಿಯನ್ ಅಂತ ಬೇರೆಯಾಗಿ ಕರೆಯುತ್ತಾರೆ. ಫೈನಲ್ 1948ರಿಂದ ಓಸ್ಲೋದ ಉಲ್ಲೆವೋಲ್ ಮೈದಾನದಲ್ಲಿ ನಡೆಯುತ್ತದೆ. ಗೆದ್ದವರಿಗೆ ಸಿಗುವುದು ರಾಜರ ಹೆಸರಿನ ಕಪ್.

ನನ್ನ ಮಾತು ಇಷ್ಟು: ಒಂದು ದೇಶದ ಕಪ್ಪಿಗೆ ಎಷ್ಟು ಬೆಲೆ ಅನ್ನುವುದು ಗೊತ್ತಾಗುವುದು ಮೊದಲ ಸುತ್ತಿನಲ್ಲಿ. ಯಾರಿಗೆ ಒಳಗೆ ಬರಲು ಬಿಟ್ಟಿದ್ದಾರೆ, ಯಾರ ಮೈದಾನದಲ್ಲಿ ಆಡಿಸುತ್ತಿದ್ದಾರೆ, ಸೋತ ದೊಡ್ಡ ತಂಡಕ್ಕೆ ಎರಡನೇ ಅವಕಾಶ ಕೊಡುತ್ತಾರೋ ಇಲ್ಲವೋ, ಅಲ್ಲಿಯೇ ಎಲ್ಲ ಇದೆ. ಫೈನಲ್ ದಿನದ ಬ್ಯಾಂಡು, ಬಾವುಟ, ರಾಜಮನೆತನ ಎಲ್ಲವೂ ಚೆಂದ. ಆದರೆ ಅದನ್ನು ದುಡ್ಡಿದ್ದ ಯಾವ ಫೆಡರೇಷನ್ ಬೇಕಾದರೂ ಮಾಡಬಹುದು.

ಈ ಅಳತೆಗೋಲಿನಲ್ಲಿ ನಾರ್ವೆಯ ಕಪ್ ಮೊದಲ ಅರವತ್ತು ವರ್ಷ ಸೋತಿತ್ತು. ಉತ್ತರ ನಾರ್ವೆಯ ಕ್ಲಬ್‌ಗಳಿಗೆ ಈ ಟೂರ್ನಿಯಲ್ಲಿ ಪ್ರವೇಶವೇ ಇರಲಿಲ್ಲ. ನಕ್ಷೆ ತೆಗೆದು ನೋಡಿ. ಟ್ರೋಂಡ್‌ಹೈಮಿನಿಂದ ಮೇಲಕ್ಕೆ ಹೋದರೆ ಬೋಡೋ, ನಾರ್ವಿಕ್, ಹಾರ್ಸ್ಟಾ, ಟ್ರೊಮ್ಸೋ, ಮತ್ತೂ ಮೇಲೆ ಫಿನ್‌ಮಾರ್ಕ್. ಉದ್ದಕ್ಕೆ ನೋಡಿದರೆ ದೇಶದ ಅರ್ಧ. ಅಲ್ಲಿ ಮೀನುಗಾರರಿದ್ದರು, ಬಂದರು ಕೆಲಸಗಾರರಿದ್ದರು, ಕ್ಲಬ್‌ಗಳಿದ್ದವು, ಜನ ಆಡುತ್ತಿದ್ದರು. 1929ರಿಂದ ತಮ್ಮದೇ ಉತ್ತರ ನಾರ್ವೆ ಚಾಂಪಿಯನ್‌ಷಿಪ್ ನಡೆಸಿಕೊಂಡೂ ಬಂದಿದ್ದರು. ಆದರೂ ‘ರಾಷ್ಟ್ರೀಯ’ ಕಪ್ಪಿಗೆ ಅವರು ಬೇಕಿರಲಿಲ್ಲ. ದೂರ ಹೆಚ್ಚು, ಪ್ರಯಾಣದ ಖರ್ಚು ಹೆಚ್ಚು, ಆಟದ ಮಟ್ಟ ಕಡಿಮೆ ಅನ್ನುವುದು ದಕ್ಷಿಣದವರ ಲೆಕ್ಕ. ಟ್ರೋಂಡ್‌ಹೈಮಿನಿಂದ ಹೊರಟ 729 ಕಿಲೋಮೀಟರಿನ ರೈಲು ಮಾರ್ಗ ಬೋಡೋ ತಲುಪಿದ್ದು 1962ರಲ್ಲಿ. ಕಪ್ಪಿನ ಬಾಗಿಲು ತೆರೆದದ್ದು 1963ರಲ್ಲಿ.

ದೂರದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಕಾಲದಲ್ಲಿ ಅದು ನಿಜವಾದ ಕಷ್ಟವೇ. ಆದರೆ ಆಟದ ಮಟ್ಟದ ಮಾತು ನನಗೆ ಸಿಟ್ಟು ತರಿಸುತ್ತದೆ. ಒಳಗೇ ಬಿಡದೆ ಮಟ್ಟ ಅಳೆಯುವುದು ಹೇಗೆ? ಒಳಗೆ ಬಿಟ್ಟ ಹನ್ನೆರಡನೇ ವರ್ಷಕ್ಕೆ, 1975ರಲ್ಲಿ, ಬೋಡೋ/ಗ್ಲಿಮ್ಟ್ ಫೈನಲ್ಲಿನಲ್ಲಿ ವಾರ್ಡ್ ತಂಡವನ್ನು 2-0ರಿಂದ ಸೋಲಿಸಿ ಕಪ್ ಎತ್ತಿಕೊಂಡು ಉತ್ತರಕ್ಕೆ ಹೋಯಿತು. ಆಗ ಅವರು ಆಡುತ್ತಿದ್ದದ್ದು ಎರಡನೇ ದರ್ಜೆಯಲ್ಲಿ! ಅಲ್ಲಿಯೂ ಅನ್ಯಾಯ ಮುಗಿದಿರಲಿಲ್ಲ ನೋಡಿ. ಲೀಗಿನ ಎರಡನೇ ದರ್ಜೆಯಲ್ಲಿ ದಕ್ಷಿಣದ ಗುಂಪು ಗೆದ್ದವರು ನೇರವಾಗಿ ಮೇಲಕ್ಕೆ ಹೋಗುತ್ತಿದ್ದರು. ಉತ್ತರದ ಗುಂಪು ಗೆದ್ದವರು ದಕ್ಷಿಣದ ಗುಂಪುಗಳಲ್ಲಿ ಎರಡನೆಯವರಾದ ತಂಡಗಳ ಜೊತೆ ಮತ್ತೆ ಪ್ಲೇ-ಆಫ್ ಆಡಿ ಗೆಲ್ಲಬೇಕಿತ್ತು. ಹೀಗಾಗಿ ದೇಶದ ಕಪ್ ಗೆದ್ದ ತಂಡ ಅದೇ ವರ್ಷ ಮೇಲಿನ ದರ್ಜೆಗೆ ಏರಲಾಗದೆ ಉಳಿಯಿತು. 1976ರಲ್ಲಿ ಬಡ್ತಿ ಪಡೆದು, 1977ರ ಮೊದಲ ಸೀಸನ್ನಿನಲ್ಲೇ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಅದೇ ವರ್ಷ ಕಪ್ ಫೈನಲ್ಲಿಗೂ ಬಂದು ಲಿಲ್ಲೆಸ್ಟ್ರೋಮ್ ಎದುರು 1-0ರಿಂದ ಸೋತಿತು. ಮಟ್ಟ ಕಡಿಮೆ ಅಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಗೊತ್ತಿಲ್ಲ.

ಆಮೇಲೆ ಟ್ರೊಮ್ಸೋ 1986ರಲ್ಲಿ ಗೆದ್ದಿತು. 1993ರಲ್ಲಿ ಗ್ಲಿಮ್ಟ್ ಮತ್ತೆ ಗೆದ್ದಿತು. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಫೈನಲ್ 1996ರದ್ದು. ಟ್ರೊಮ್ಸೋ ಮತ್ತು ಬೋಡೋ/ಗ್ಲಿಮ್ಟ್. ರಾಜಧಾನಿಯ ಮೈದಾನದಲ್ಲಿ ಎರಡೂ ಕಡೆ ಉತ್ತರದವರೇ. ಒಂದು ಬದಿಗೆ 1970ರ ದಶಕದಿಂದ ಗ್ಲಿಮ್ಟ್ ಅಭಿಮಾನಿಗಳು ಹೊತ್ತುಕೊಂಡು ಬರುವ ದೊಡ್ಡ ದೊಡ್ಡ ಹಳದಿ ಹಲ್ಲುಜ್ಜುವ ಬ್ರಷ್‌ಗಳು, ಇನ್ನೊಂದು ಬದಿಗೆ ಟ್ರೊಮ್ಸೋದ ಕೆಂಪು. ಟ್ರೊಮ್ಸೋ 2-1ರಿಂದ ಗೆದ್ದಿತು. ಮೂವತ್ತಮೂರು ವರ್ಷ ಹಿಂದಿನವರೆಗೂ ಮೊದಲ ಸುತ್ತಿಗೇ ಬರಲು ಬಿಡದಿದ್ದ ಊರುಗಳಿವು.

ಈಗ 2012ಕ್ಕೆ ಬರೋಣ. ನಾಕೌಟ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಸೀಸನ್ ತೋರಿಸುತ್ತೇನೆ. ಪಶ್ಚಿಮ ಕರಾವಳಿಯ ಸುನ್‌ಮೋರೆ ಪ್ರದೇಶದಲ್ಲಿ ಒಂದು ದ್ವೀಪ, ಅದರ ಮೇಲೆ ಉಲ್ಸ್ಟೈನ್‌ವಿಕ್ ಅನ್ನುವ ಊರು. ಕೆಲವು ಸಾವಿರ ಜನ. ಹಡಗು ಕಟ್ಟುವುದು ಕಸುಬು. ಟೋಕಿಯೋ ಒಲಿಂಪಿಕ್ಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 45.94 ಸೆಕೆಂಡಿನಲ್ಲಿ ಓಡಿದ ಕಾರ್ಸ್ಟೆನ್ ವಾರ್‌ಹೋಮ್ ಇದೇ ಊರಿನವರು. ಇಲ್ಲಿಯ ಕ್ಲಬ್ ಹೋಡ್, 1919ರಲ್ಲಿ ಹುಟ್ಟಿದ್ದು. 2012ರಲ್ಲಿ ಅವರು ಎರಡನೇ ದರ್ಜೆಯಲ್ಲಿದ್ದರು, ಕೋಚ್ ಲಾರ್ಸ್ ಆರ್ನೆ ನಿಲ್ಸೆನ್. ಸೆಮಿಫೈನಲ್ಲಿನಲ್ಲಿ ಬರ್ಗೆನ್ ನಗರದ ದೊಡ್ಡ ಕ್ಲಬ್ ಬ್ರಾನ್ ಅನ್ನು ಹೊರಗಟ್ಟಿದರು. ಫೈನಲ್ ನವೆಂಬರ್ 25ಕ್ಕೆ, ಎದುರಾಳಿ ಟ್ರೊಮ್ಸೋ.

ವಿಚಿತ್ರ ನೋಡಿ, ಒಂದು ಕಾಲಕ್ಕೆ ಹೊರಗಿಡಲ್ಪಟ್ಟಿದ್ದ ಟ್ರೊಮ್ಸೋ ಈಗ ಮೇಲಿನ ದರ್ಜೆಯ ಬಲಶಾಲಿ ತಂಡವಾಗಿ ನಿಂತಿತ್ತು. ಪಂದ್ಯ 1-1. ಹೆಚ್ಚುವರಿ ಸಮಯದಲ್ಲೂ ಇತ್ಯರ್ಥವಾಗಲಿಲ್ಲ. ಪೆನಾಲ್ಟಿಯಲ್ಲಿ ಹೋಡ್ 4-2. ಗೋಲಿನಲ್ಲಿ ನಿಂತಿದ್ದ ಹುಡುಗ ಓರ್ಯಾನ್ ನ್ಯೂಲಾಂಡ್, ಪಕ್ಕದ ವೋಲ್ಡಾ ಊರಿನವನು, ಇಪ್ಪತ್ತೆರಡು ವರ್ಷ. ಮುಂದೆ ಮೋಲ್ಡೆ ಕ್ಲಬ್ಬಿಗೆ ಹೋಗಿ 2013 ಮತ್ತು 2014ರಲ್ಲೂ ಕಪ್ ಗೆದ್ದ, ನಾರ್ವೆ ರಾಷ್ಟ್ರೀಯ ತಂಡದ ಗೋಲ್‌ಕೀಪರ್ ಆದ, ಆಸ್ಟನ್ ವಿಲ್ಲಾ, ಸೆವಿಯಾದವರೆಗೂ ಹೋದ. ಕಪ್ ಗೆದ್ದದ್ದರಿಂದ ಹೋಡ್ ತಂಡಕ್ಕೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗಿನ 2013ರ ಅರ್ಹತಾ ಸುತ್ತಿನಲ್ಲಿ ಆಡುವ ಅವಕಾಶ ಬಂತು. ಎದುರಾಳಿ ಕಝಾಕಸ್ತಾನದ ಅಕ್ತೋಬೆ. ಹಡಗುಕಟ್ಟೆಯ ಊರಿನ ಎರಡನೇ ದರ್ಜೆಯ ತಂಡ ಮಧ್ಯ ಏಷ್ಯಾಕ್ಕೆ ಫುಟ್ಬಾಲ್ ಆಡಲು ಹೋಯಿತು. ಲೀಗ್ ಮಾತ್ರ ಇದ್ದಿದ್ದರೆ ಈ ಪ್ರಯಾಣ ಹತ್ತು ತಲೆಮಾರಿಗೂ ಸಾಧ್ಯವಿರಲಿಲ್ಲ.

ಇದು ಸಾಧ್ಯವಾದದ್ದು ಅದೃಷ್ಟದಿಂದ ಮಾತ್ರ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಯಮಗಳು ಅದಕ್ಕೆ ದಾರಿ ಮಾಡಿಕೊಟ್ಟಿವೆ. ಆರಂಭದ ಸುತ್ತುಗಳಲ್ಲಿ ಪಂದ್ಯ ಕೆಳ ದರ್ಜೆಯ ತಂಡದ ಮೈದಾನದಲ್ಲಿ ನಡೆಯುತ್ತದೆ. ಒಂದೇ ಪಂದ್ಯ, ಸೋತರೆ ಮನೆಗೆ. ರೋಸೆನ್‌ಬೋರ್ಗ್ ಇರಲಿ, ಮೋಲ್ಡೆ ಇರಲಿ, ಏಪ್ರಿಲ್ಲಿನ ಚಳಿಯಲ್ಲಿ ಯಾವುದೋ ಹಳ್ಳಿಯ ಕೃತಕ ಹುಲ್ಲಿನ ಮೇಲೆ ಬಂದು ನಿಲ್ಲಬೇಕು. ನಮ್ಮೂರ ಜಾತ್ರೆಯ ಕುಸ್ತಿಗೆ ಹೆಸರಾಂತ ಪೈಲ್ವಾನ ಬಂದು ಊರ ಹುಡುಗನ ಎದುರು ಮಣ್ಣಿಗಿಳಿದ ಹಾಗೆ. ಬಹಳ ಸಲ ದೊಡ್ಡವರೇ ಗೆಲ್ಲುತ್ತಾರೆ, ಐದಾರು ಗೋಲುಗಳಿಂದ. ಆದರೂ ಆ ಊರಿಗೆ ಅದು ವರ್ಷದ ದೊಡ್ಡ ಸಂಜೆ. ಬೆಳಿಗ್ಗೆ ಶಾಲೆಯಲ್ಲಿ ಪಾಠ ಹೇಳಿದವರು, ಬಡಗಿ ಕೆಲಸ ಮಾಡಿದವರು ಸಂಜೆ ದೇಶದ ಅತಿ ದೊಡ್ಡ ಕ್ಲಬ್ಬಿನ ಎದುರು ಆಡುತ್ತಾರೆ.

ಪಕ್ಕದ ಸ್ವೀಡನ್ ಬೇರೆ ದಾರಿ ಹಿಡಿಯಿತು. 2012-13ರಿಂದ ಅಲ್ಲಿಯ ಕಪ್ಪಿನಲ್ಲಿ ಗುಂಪು ಹಂತ ಇದೆ. ಮೊದಲ ನಾಕೌಟ್ ಸುತ್ತುಗಳು ಬೇಸಿಗೆಯಲ್ಲಿ ಮುಗಿಯುತ್ತವೆ. ಮುಂದಿನ ವರ್ಷ ಫೆಬ್ರವರಿ, ಮಾರ್ಚಿನಲ್ಲಿ 32 ತಂಡಗಳು ಎಂಟು ಗುಂಪುಗಳಾಗಿ ಆಡುತ್ತವೆ, ಗುಂಪಿನಲ್ಲಿ ಮೊದಲು ಬಂದವರು ಕ್ವಾರ್ಟರ್‌ಫೈನಲ್ಲಿಗೆ. ಅವರ ಕಾರಣ ನನಗೆ ಅರ್ಥವಾಗುತ್ತದೆ. ಕಪ್ಪಿನ ಬಗ್ಗೆ ಜನರ ಆಸಕ್ತಿ ಕುಂದಿತ್ತು, ಲೀಗ್ ಶುರುವಾಗುವ ಮೊದಲು ಕ್ಲಬ್‌ಗಳಿಗೆ ಗಟ್ಟಿ ಪಂದ್ಯಗಳು ಬೇಕಿದ್ದವು. ಇದೇ ಪದ್ಧತಿಯಲ್ಲಿ 2017ರಲ್ಲಿ ಓಸ್ಟರ್‌ಸುಂಡ್ ಅನ್ನುವ ಪುಟ್ಟ ಕ್ಲಬ್, ಗ್ರಹಾಂ ಪಾಟರ್ ಕೋಚ್ ಆಗಿದ್ದಾಗ, ನೋರ್‌ಶೋಪಿಂಗ್ ಅನ್ನು 4-1ರಿಂದ ಸೋಲಿಸಿ ಕಪ್ ಗೆದ್ದಿತು. ಅದೇ ದಾರಿಯಲ್ಲಿ ಯುರೋಪಾ ಲೀಗಿಗೆ ಹೋಗಿ ಟರ್ಕಿಯ ಗಲಟಸರಾಯ್ ತಂಡವನ್ನು ಹೊರಗಟ್ಟಿ, ಲಂಡನ್ನಿಗೆ ಹೋಗಿ ಆರ್ಸೆನಲ್ ಮೈದಾನದಲ್ಲೇ 2-1ರಿಂದ ಗೆದ್ದಿತು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಆದರೆ ಓಸ್ಟರ್‌ಸುಂಡ್ ಆಗ ಮೇಲಿನ ದರ್ಜೆಯಲ್ಲೇ ಇತ್ತು. ಗುಂಪು ಹಂತದಲ್ಲಿ ಒಂದು ದಿನ ಎಡವಿದ ದೊಡ್ಡ ಕ್ಲಬ್ಬಿಗೆ ಮುಂದಿನ ವಾರ ತಿದ್ದಿಕೊಳ್ಳುವ ಅವಕಾಶ ಇರುತ್ತದೆ. ಸಣ್ಣ ಕ್ಲಬ್ಬಿನ ಕೈಯಲ್ಲಿ ಇರುವುದು ಒಂದೇ ಒಂದು ಒಳ್ಳೆಯ ಸಂಜೆ. ಆ ಸಂಜೆಯ ಗೆಲುವನ್ನು ಮೂರು ಅಂಕ ಮಾಡಿ ಪಟ್ಟಿಗೆ ಸೇರಿಸಿದರೆ ಅದು ಮತ್ತೊಂದು ಲೀಗ್ ಆಯಿತು. ಲೀಗ್ ಈಗಾಗಲೇ ಒಂದು ಇದೆಯಲ್ಲ.

ನಾರ್ವೆಯವರೂ ದಿನಾಂಕಗಳ ಜೊತೆ ಬಹಳ ಆಟವಾಡಿದ್ದಾರೆ. 2020ರಲ್ಲಿ ಸಾಂಕ್ರಾಮಿಕದ ವರ್ಷ ಲೀಗ್ ಪೂರ್ತಿ ಆಡಿಸಿದರು, ಕಪ್ ರದ್ದು ಮಾಡಿದರು. ಅದಕ್ಕೂ ಮೊದಲು ಕಪ್ ನಿಂತಿದ್ದದ್ದು 1941ರಿಂದ 1944ರವರೆಗೆ. ಆ ಕಾರಣ ಎಷ್ಟು ದೊಡ್ಡದು ನೋಡಿ: ಜರ್ಮನ್ ಆಕ್ರಮಣಕಾರರು ಮತ್ತು ಅವರ ಕೈಗೊಂಬೆ ಆಡಳಿತ ಕ್ರೀಡಾ ಸಂಸ್ಥೆಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡಾಗ ದೇಶದ ಆಟಗಾರರು ಅಧಿಕೃತ ಆಟವನ್ನೇ ಬಹಿಷ್ಕರಿಸಿದರು. ಆಡುವುದೆಂದರೆ ಪ್ರಾಣವಾಗಿದ್ದವರು ನಾಲ್ಕು ವರ್ಷ ಕಪ್ ಇಲ್ಲದೆ ಇದ್ದರು. ಬಿಡುಗಡೆಯ ವರ್ಷ, 1945ರಲ್ಲಿ, ಲೀನ್ ಮತ್ತು ಫ್ರೆಡ್ರಿಕ್‌ಸ್ಟಾಡ್ ನಡುವಿನ ಫೈನಲ್ ಮೂರು ಸಲ ಆಡಬೇಕಾಯಿತು, ಮೂರನೆಯದರಲ್ಲಿ ಲೀನ್ ಗೆದ್ದಿತು. ಅಂಥ ಇತಿಹಾಸ ಇರುವ ಟೂರ್ನಿಯನ್ನು ಕ್ಯಾಲೆಂಡರಿನಲ್ಲಿ ಜಾಗ ಸಿಕ್ಕ ಕಡೆ ತುರುಕುವುದು ನನಗೆ ನೋವು ಕೊಡುತ್ತದೆ. 2021ರ ಕಪ್ಪಿನ ಫೈನಲ್ 2022ರ ಮೇ 1ಕ್ಕೆ, 2022ರದ್ದು 2023ರ ಮೇನಲ್ಲಿ, ಮತ್ತೆ 2023ರದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಸೀಸನ್ನಿನ ಕೊನೆಗೆ ಕಪ್ ಫೈನಲ್ ಅನ್ನುವ ಅಭ್ಯಾಸ ಹಲವು ತಲೆಮಾರುಗಳದ್ದು. ಅದನ್ನು ಹೀಗೆ ಹಿಂದೆ ಮುಂದೆ ಎಳೆದಾಡಿದರೆ ಜನ ಕಪ್ಪಿನಿಂದ ದೂರವಾಗುತ್ತಾರೆ.

ಆದರೂ ಈ ಕಪ್ ಬದುಕಿದೆ. 2024ರ ಡಿಸೆಂಬರ್ ಫೈನಲ್ ನೋಡಿ. ಹಿಂದಿನ ವರ್ಷವಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದಿದ್ದ ಫ್ರೆಡ್ರಿಕ್‌ಸ್ಟಾಡ್, ಎದುರಿಗೆ ಮೋಲ್ಡೆ. ಗೋಲಿಲ್ಲದೆ ಮುಗಿದು ಪೆನಾಲ್ಟಿಯಲ್ಲಿ ಫ್ರೆಡ್ರಿಕ್‌ಸ್ಟಾಡ್ 5-4ರಿಂದ ಗೆದ್ದಿತು. ಅದು ಅವರ ಹನ್ನೆರಡನೇ ಕಪ್. ಶೀಯೆನ್ ಊರಿನ ಓಡ್, ಟ್ರೋಂಡ್‌ಹೈಮಿನ ರೋಸೆನ್‌ಬೋರ್ಗ್, ಈಗ ಫ್ರೆಡ್ರಿಕ್‌ಸ್ಟಾಡ್, ಮೂವರೂ ಹನ್ನೆರಡಕ್ಕೆ ನಿಂತರು. ಅತ್ತ ಯುರೋಪಿನ ದೊಡ್ಡವರನ್ನೆಲ್ಲ ನಡುಗಿಸಿದ ಬೋಡೋ/ಗ್ಲಿಮ್ಟ್, 2021 ಮತ್ತು 2023ರ ಎರಡೂ ಕಪ್ ಫೈನಲ್ಲುಗಳಲ್ಲಿ ಮೋಲ್ಡೆಗೆ 1-0ರಿಂದ ಸೋತಿತ್ತು. ಲೀಗಿನಲ್ಲಿ ಅವರನ್ನು ಹಿಡಿಯುವವರಿಲ್ಲದ ದಿನಗಳವು. ಒಂದು ಪಂದ್ಯದ ಲೆಕ್ಕವೇ ಬೇರೆ.

ನಮಗೂ ಈ ಕಪ್ಪಿಗೂ ಒಂದು ಎಳೆ ಇದೆ. ಬೆಂಗಳೂರು ಎಫ್‌ಸಿ ಗೋಲಿನಲ್ಲಿ 2017ರಿಂದ ನಾವು ನೋಡುತ್ತಾ ಬಂದ ಗುರ್‌ಪ್ರೀತ್ ಸಿಂಗ್ ಸಂಧು ಅದಕ್ಕೆ ಮೊದಲು ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಲ್ಲಿದ್ದರು. 1998ರ ಫೈನಲ್ಲಿನಲ್ಲಿ ರೋಸೆನ್‌ಬೋರ್ಗ್ ಅನ್ನು ಸೋಲಿಸಿ ಕಪ್ ಗೆದ್ದ ಅದೇ ಸ್ಟಾಬೆಕ್. ಆ ಕ್ಲಬ್ಬಿಗಾಗಿ ಅವರ ಮೊದಲ ಅಧಿಕೃತ ಪಂದ್ಯ 2015ರ ಕಪ್ಪಿನ ಮೊದಲ ಸುತ್ತಿನಲ್ಲಿ, ಕೆಳ ದರ್ಜೆಯ ರೂನಾರ್ ವಿರುದ್ಧ. ದೊಡ್ಡ ಕ್ಲಬ್ಬಿನಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದ ಭಾರತೀಯ ಹುಡುಗನಿಗೂ ಆ ಮೊದಲ ಸುತ್ತೇ ಬಾಗಿಲಾಯಿತು. ಮರುವರ್ಷ ಅವರು ಯುರೋಪಾ ಲೀಗ್ ಅರ್ಹತಾ ಸುತ್ತಿನಲ್ಲೂ ಆಡಿದರು.

ಓಸ್ಲೋ, ಸ್ಟಾವಂಗರ್, ಟ್ರೋಂಡ್‌ಹೈಮ್ ಕಡೆ ಓದು, ಕೆಲಸ ಅಂತ ಇರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಉಲ್ಲೆವೋಲ್ ಫೈನಲ್ ಟಿಕೆಟ್ಟಿಗೆ ಕಾಯಬೇಡಿ. ನಿಮ್ಮ ಊರಿನ ಸಣ್ಣ ಕ್ಲಬ್ಬಿಗೆ ಮೊದಲ ಸುತ್ತಿನಲ್ಲಿ ಯಾರು ಬಿದ್ದಿದ್ದಾರೆ ನೋಡಿ, ದಪ್ಪ ಜಾಕೆಟ್ ಹಾಕಿಕೊಂಡು ಹೋಗಿ, ಬಂದು ಇಲ್ಲಿ ಬರೆಯಿರಿ.