ಬಾಡಿಗೆಗೆ ಇದ್ದವರ ಹೆಸರಲ್ಲೂ ಒಂದು ಬೋರ್ಡು ಇರಲಿ

ಲಂಡನ್ನಿನ ಬ್ರೂಕ್ ಸ್ಟ್ರೀಟಿನಲ್ಲಿ 23 ಮತ್ತು 25ನೇ ನಂಬರಿನ ಮನೆಗಳು ಅಕ್ಕಪಕ್ಕ. ನಡುವೆ ಒಂದೇ ಗೋಡೆ. 25ರಲ್ಲಿ ಇದ್ದವರು ಸಂಗೀತಗಾರ ಹ್ಯಾಂಡೆಲ್. 1723ರಲ್ಲಿ ಮನೆ ಹೊಸದಾಗಿದ್ದಾಗ ಬಂದು ಸೇರಿದವರು, 1759ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. 23ರ ಮೇಲ್ಮಹಡಿಗೆ 1968ರಲ್ಲಿ ಬಂದವನು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಒಬ್ಬರು ಜರ್ಮನಿಯವರು, ಇನ್ನೊಬ್ಬ ಅಮೆರಿಕದವನು. ಇಬ್ಬರೂ ಬಾಡಿಗೆಗೆ ಇದ್ದವರು!

ಹ್ಯಾಂಡೆಲ್ 1727ರಲ್ಲಿ ಬ್ರಿಟನ್ನಿನ ಪ್ರಜೆಯಾದರು, ಒಳ್ಳೆ ದುಡ್ಡೂ ಮಾಡಿದರು. ಆದರೂ ಸ್ವಂತ ಮನೆ ಮಾಡಿಕೊಳ್ಳಲಿಲ್ಲ. 1741ರಲ್ಲಿ 'ಮೆಸ್ಸಾಯ' ಎಂಬ ದೊಡ್ಡ ಕೃತಿಯನ್ನು ಬರೀ 24 ದಿನದಲ್ಲಿ ಬರೆದು ಮುಗಿಸಿದ್ದು ಇದೇ ಬಾಡಿಗೆ ಮನೆಯಲ್ಲಿ. ಅವರು ತೀರಿಕೊಂಡ ಮೇಲೆ ಮನೆಯ ಸಾಮಾನಿನ ಪಟ್ಟಿ ಮಾಡಿದ್ದರು. ಅಡುಗೆಮನೆಯ ಪಾತ್ರೆಗಳೂ ಅದರಲ್ಲಿ ಸೇರಿವೆ. ಆ ಮನೆಯನ್ನು ಮ್ಯೂಸಿಯಂ ಮಾಡಿದವರಿಗೆ ಆ ಪಟ್ಟಿ ಬಹಳ ಉಪಯೋಗಕ್ಕೆ ಬಂತು. ಅಂಥ ಪಾತ್ರೆಪಡಗದ ಲೆಕ್ಕವನ್ನು ನಾವಾಗಿದ್ದರೆ ರದ್ದಿಗೆ ಹಾಕುತ್ತಿದ್ದೆವು, ಅಲ್ವಾ?

ಹೆಂಡ್ರಿಕ್ಸ್ ಅಲ್ಲಿದ್ದದ್ದು ಒಂದು ವರ್ಷವೂ ಅಲ್ಲ. ವಾರಕ್ಕೆ 30 ಪೌಂಡ್ ಬಾಡಿಗೆ, ಕೆಳಗೆ ಹೋಟೆಲು. ಜೊತೆಗೆ ಗೆಳತಿ ಕ್ಯಾಥಿ. ಕರ್ಟನ್ನು ಮತ್ತಿತರ ಸಾಮಾನು ಹತ್ತಿರದ ಜಾನ್ ಲೂಯಿಸ್ ಅಂಗಡಿಯಿಂದ ತಂದು ಮನೆ ಜೋಡಿಸಿದ. ಪಕ್ಕದ ಮನೆಯಲ್ಲಿ ಹ್ಯಾಂಡೆಲ್ ಇದ್ದರೆಂದು ಗೊತ್ತಾದ ಮೇಲೆ ಅವರ ರೆಕಾರ್ಡುಗಳನ್ನೂ ಕೊಂಡು ತಂದ. ಸುಮ್ನೆ ಯೋಚಿಸಿ, ಮದುವೆಯಾಗದ ಜೋಡಿ, ಹುಡುಗ ಗಿಟಾರ್ ಬಾರಿಸುವವನು. ನಮ್ಮಲ್ಲಿ ಯಾವ ಓನರ್ ಮನೆ ಕೊಡುತ್ತಿದ್ದರು? ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟರೂ 'ಫ್ಯಾಮಿಲಿಗೆ ಮಾತ್ರ' ಎನ್ನುತ್ತಿದ್ದರು. ಈಗ ಎರಡೂ ಮನೆ ಸೇರಿ ಒಂದೇ ಮ್ಯೂಸಿಯಂ. ಹೊರಗೆ ಇಬ್ಬರಿಗೂ ಒಂದೊಂದು ದುಂಡನೆಯ ನೀಲಿ ಫಲಕ, ಇಂಥವರು ಇಲ್ಲಿದ್ದರು ಎಂದು ಲಂಡನ್ನಿನಲ್ಲಿ ಗೋಡೆಗೆ ಹಾಕುವ ಬೋರ್ಡು.

ಆ ಊರಲ್ಲಿ ಬಾಡಿಗೆಗಿದ್ದವರ ಮನೆಯೂ ಸ್ಮಾರಕವಾಗುತ್ತದೆ. 1921-22ರಲ್ಲಿ ಓದಲು ಹೋಗಿದ್ದ ಅಂಬೇಡ್ಕರ್ ಲಂಡನ್ನಿನ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆಯಲ್ಲಿದ್ದರು. ಅವರೂ ಬಾಡಿಗೆಗಿದ್ದ ವಿದ್ಯಾರ್ಥಿಯೇ. ಆ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು.

ನಮ್ಮಲ್ಲಿ ಮರ್ಯಾದೆ ಎಲ್ಲ ಸ್ವಂತ ಮನೆಗೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ ಉಳಿಯಿತು. ಅದೂ ಎಂಥ ಉಳಿವು! 2011ರಲ್ಲಿ ಒಡೆಯಲು ಶುರು ಮಾಡಿದ್ದರು, ಗಲಾಟೆಯಾಗಿ ನಿಂತಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಸರ್ಕಾರದ ದುಡ್ಡಲ್ಲಿ ಸ್ಮಾರಕ ಯಾಕೆ ಎಂದು ಕೆಲವು ಕನ್ನಡ ಸಾಹಿತಿಗಳೇ ಕೇಳಿದರು. ಕೊನೆಗೆ 2016ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ನನಗಂತೂ ಅದು ಉಳಿದದ್ದು ಖುಷಿಯೇ. ಆದರೆ ನಾರಾಯಣ್ ಅಲ್ಲಿಗೆ ಹೋಗುವ ಹೊತ್ತಿಗೆ ಹೆಸರು ಮಾಡಿದ್ದ ಲೇಖಕ. ಅವರ ಮೊದಲ ಕಾದಂಬರಿ ಪುಸ್ತಕವಾಗಿ ಬಂದದ್ದು 1935ರಲ್ಲಿ. ಆಗ ಅವರ ಕುಟುಂಬ ಇದ್ದದ್ದು ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿ. ತಮ್ಮ ಲಕ್ಷ್ಮಣ್ ಬೆಳೆದದ್ದೂ ಆ ಸಂಸಾರದಲ್ಲೇ. ಕೈಯಲ್ಲಿ ಕಾಸಿಲ್ಲದ, ಕೆಲಸ ಬಿಟ್ಟ ಹುಡುಗ ಲೇಖಕನಾದ ಕಥೆ ಬೇಕಾದವರು ನೋಡಬೇಕಾದದ್ದು ಯಾದವಗಿರಿಯನ್ನಲ್ಲ, ಆ ಬೀದಿಯನ್ನು.

ನಾನು ಹೇಳುವುದು ಇಷ್ಟೇ. ಮ್ಯೂಸಿಯಂ ಎಲ್ಲ ಕಡೆ ಆಗಲ್ಲ, ಆಗಬೇಕಾಗಿಯೂ ಇಲ್ಲ. ರಸ್ತೆಗೆ ಹೆಸರಿಟ್ಟರೆ ಯಾವ ಮನೆ ಎಂದು ಗೊತ್ತಾಗಲ್ಲ. ಗೋಡೆಗೆ ಒಂದು ಸಣ್ಣ ಬೋರ್ಡು ಸಾಕು. ಹೆಸರು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿ ಬಾಡಿಗೆಗಿದ್ದರು ಎಂಬ ಒಂದು ಸಾಲು. ಬೋರ್ಡು ಹಾಕಿದರೆ ಸರ್ಕಾರ ಮನೆ ಕಿತ್ತುಕೊಳ್ಳುತ್ತೆ ಅಂತ ಓನರುಗಳಿಗೆ ಭಯ. ಲಂಡನ್ನಿನ ನೀಲಿ ಫಲಕ ಮನೆಯ ಹಕ್ಕನ್ನು ಮುಟ್ಟುವುದಿಲ್ಲ. ಮನೆಯವರು ಒಪ್ಪದಿದ್ದರೆ ಹಾಕುವುದೂ ಇಲ್ಲ. 1867ರಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ ಹಾಕಿದ ಮೊಟ್ಟಮೊದಲ ಫಲಕಕ್ಕೇ ಆ ಮನೆಯನ್ನು ಉಳಿಸಿಕೊಳ್ಳಲು ಆಗಲಿಲ್ಲ, 1889ರಲ್ಲಿ ಕೆಡವಿದರು. ಆದ್ದರಿಂದ ಓನರುಗಳೇ, ಹೆದರಬೇಡಿ. ನಾಲ್ಕು ಮೊಳೆ ಹೊಡೆಯಲು ಬಿಡಿ.