ವೈರ್ ಸ್ಟ್ರಿಪ್ಪರ್ ಮೇಲಿನ ಆ ನಂಬರ್ ಯಾರಿಗೆ?

ವೈರ್ ಸ್ಟ್ರಿಪ್ಪರ್, ಅಂದರೆ ವೈರ್‌ನ ಹೊದಿಕೆ ಸುಲಿಯುವ ಇಕ್ಕಳ, ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ವೈರ್ ಮೇಲೆ 1.5, 2.5 ಚದರ ಮಿ.ಮೀ. ಅಂತ ಇರುತ್ತದೆ, ಎಷ್ಟೋ ಸ್ಟ್ರಿಪ್ಪರ್‌ಗಳ ತೂತುಗಳ ಪಕ್ಕ ಮಾತ್ರ ಬರೀ 12, 14, 16 ಅಂತ ವೈರ್ ದಪ್ಪ ಹೇಳುವ ಅಮೆರಿಕದ ಗೇಜ್ ನಂಬರ್. 14 ಗೇಜ್ ಅಂದರೆ ಸುಮಾರು 2.1 ಚದರ ಮಿ.ಮೀ., 12 ಅಂದರೆ 3.3. ಹಾಗಾದರೆ 2.5ರ ವೈರನ್ನು ಯಾವ ತೂತಿಗೆ ಹಾಕಬೇಕು? ಚಿಕ್ಕದಕ್ಕೆ ಹಾಕಿದರೆ ತಾಮ್ರದ ನಾಲ್ಕೈದು ಎಳೆ ಕತ್ತರಿಸಿ ಹೋಗುತ್ತದೆ, ದೊಡ್ಡದಕ್ಕೆ ಹಾಕಿದರೆ ಪ್ಲಾಸ್ಟಿಕ್ ಅರ್ಧಂಬರ್ಧ ಕತ್ತರಿಸಿ, ಎಳೆದಷ್ಟೂ ಹಿಗ್ಗುತ್ತದೆಯೇ ಹೊರತು ಕಳಚಿ ಬರುವುದಿಲ್ಲ. ಎಳೆ ಹೋದರೆ ಏನಾಯ್ತು ಅನ್ನುವವರಿದ್ದಾರೆ. ಎಳೆ ಕಡಿಮೆಯಾದ ಜಾಗವೇ ಜಾಸ್ತಿ ಬಿಸಿಯಾಗುವುದು ಅಲ್ವಾ? ಒಂಟಿ ತಂತಿಯಲ್ಲಂತೂ ಒಂದು ಗೀರು ಬಿದ್ದರೂ ಸಾಕು, ಬಗ್ಗಿಸುವಾಗ ಅಲ್ಲೇ ಮುರಿಯುತ್ತದೆ.

ವೈರ್ ದಪ್ಪಕ್ಕೆ ತಾನೇ ಹೊಂದಿಕೊಳ್ಳುವ ಆಟೋಮ್ಯಾಟಿಕ್ ಸ್ಟ್ರಿಪ್ಪರ್ ಸಾಮಾನ್ಯ ಪಿವಿಸಿ ವೈರ್‌ಗೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಸಿಲಿಕೋನ್ ಹೊದಿಕೆಯ ವೈರ್ ಕೊಟ್ಟರೆ ಹಿಡಿಯುವ ದವಡೆ ಜಾರುತ್ತದೆ. ಅಂಥ ಎಷ್ಟೋ ಸ್ಟ್ರಿಪ್ಪರ್‌ಗಳಲ್ಲಿ ಬಿಗಿ ಹೊಂದಿಸಲು ಒಂದು ಪುಟ್ಟ ತಿರುಪು ಇರುತ್ತದೆ, ಅದನ್ನು ಎತ್ತ ತಿರುಗಿಸಿದರೆ ಬಿಗಿಯಾಗುತ್ತದೆ ಅಂತ ಒಂದು ಗುರುತು ಹಾಕಲು ಇವರಿಗೆ ಏನು ಕಷ್ಟ? ಸುಮ್ನೆ ಒಂದು ಪ್ಲಸ್, ಒಂದು ಮೈನಸ್ ಕೆತ್ತಿದರೆ ಸಾಕಿತ್ತು.