ಪಾಲುಪಟ್ಟಿ ಮಾಡಿಕೊಂಡ ಊರು

ಆಗಸ್ಟ್ 8ಕ್ಕೆ ನಮ್ಮೂರಿಗೆ ರಜೆ. ನಮ್ಮೂರು ಅಂದರೆ ಈಗ ನಾನಿರುವ ಆಗ್ಸ್‌ಬರ್ಗ್, ಜರ್ಮನಿಯ ಬವೇರಿಯಾದಲ್ಲಿದೆ. ಇಡೀ ದೇಶದಲ್ಲಿ ಈ ರಜೆ ಇರುವುದು ಈ ಒಂದೇ ಊರಿಗೆ. ಪಕ್ಕದ ಮ್ಯೂನಿಕ್‌ನವರು ಹೊಟ್ಟೆ ಉರಿದುಕೊಂಡು ಆಫೀಸಿಗೆ ಹೋಗುತ್ತಾರೆ. ಹೆಸರೇನೋ ಶಾಂತಿ ಹಬ್ಬ, ತಾರೀಕು ಮಾತ್ರ ಶಾಂತಿಯದ್ದಲ್ಲ. 1629ರಲ್ಲಿ ಅದೇ ದಿನ ಕ್ಯಾಥೊಲಿಕ್ ಚಕ್ರವರ್ತಿಯ ಆಜ್ಞೆ ಹಿಡಿದು, ಪೋಪ್‌ನ ಚರ್ಚಿನಿಂದ ಬೇರೆಯಾಗಿದ್ದ ಇಲ್ಲಿನ ಪ್ರೊಟೆಸ್ಟಂಟರ ಪ್ರಾರ್ಥನೆ ನಿಲ್ಲಿಸಿ, ಅವರ ಪಾದ್ರಿಗಳನ್ನು ಕೆಲಸದಿಂದ ತೆಗೆದಿದ್ದರು.

ಆಮೇಲೆ 1632ರಲ್ಲಿ ಸ್ವೀಡನ್ನಿನ ಪ್ರೊಟೆಸ್ಟಂಟ್ ರಾಜ ಗುಸ್ತಾವ್ ಅಡಾಲ್ಫ್ ಬಂದ, ಪ್ರೊಟೆಸ್ಟಂಟರ ಕೈ ಮೇಲಾಯಿತು. 1635ರಲ್ಲಿ ಚಕ್ರವರ್ತಿಯ ಸೈನ್ಯ ಊರನ್ನು ಮುತ್ತಿ, ಹಸಿವಿನಿಂದ ಹಣ್ಣು ಮಾಡಿ ಮತ್ತೆ ಗೆದ್ದುಕೊಂಡಿತು. ಅಷ್ಟರಲ್ಲಿ ಜನಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಚರ್ಚು ಕಳೆದುಕೊಂಡವರು ವರ್ಷಗಟ್ಟಲೆ ಸೇಂಟ್ ಆನ್ನಾ ಶಾಲೆಯ ಅಂಗಳದಲ್ಲಿ, ಬಯಲಲ್ಲೇ ನಿಂತು ಪ್ರಾರ್ಥನೆ ಮಾಡಿದರು. ಇಲ್ಲಿನ ಚಳಿ ನೋಡಿದ್ದೀರಲ್ವಾ?

ಜಗಳಕ್ಕೆ ದೊಡ್ಡ ಕಾರಣವೇ ಬೇಕು ಅಂತೇನೂ ಇರಲಿಲ್ಲ. 1582ರಲ್ಲಿ ಪೋಪ್ ಗ್ರೆಗರಿ ಹೊಸ ಕ್ಯಾಲೆಂಡರ್ ತಂದರು. ಲೆಕ್ಕ ಸರಿಯಾಗೇ ಇತ್ತು. ಆದರೆ ಮರುವರ್ಷ ನಗರಸಭೆ ಅದನ್ನು ಒಪ್ಪಿದಾಗ, ಪೋಪ್ ಕೊಟ್ಟ ತಾರೀಕು ನಮಗೆ ಬೇಡ ಅಂತ ಪ್ರೊಟೆಸ್ಟಂಟರು ಪಟ್ಟು ಹಿಡಿದರು. 1584ರಲ್ಲಿ ದಂಗೆಯೇ ಆಯಿತು. ನಮ್ಮಲ್ಲಿ ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದ್ದು ಮರುದಿನ ಬಂದರೆ ಪಂಚಾಂಗದವರು ಸುಮ್ನೆ ಎರಡನ್ನೂ ಅಚ್ಚು ಹಾಕುತ್ತಾರೆ, ಯಾರಿಗೆ ಯಾವುದು ಬೇಕೋ ನೋಡ್ಕೊಳ್ಳಿ ಅಂತ. ಜರ್ಮನಿಯ ಪ್ರೊಟೆಸ್ಟಂಟ್ ಸಂಸ್ಥಾನಗಳು ಹಳೆ, ಹೊಸ ಕ್ಯಾಲೆಂಡರ್ ನಡುವಿನ ಹತ್ತು ದಿನದ ವ್ಯತ್ಯಾಸ ಬಿಡೋದಕ್ಕೆ 1700 ಆಗಬೇಕಾಯಿತು.

ಹಾಗಂತ ನಾವೇನು ಕಮ್ಮಿ ಜಗಳಗಂಟರಲ್ಲ. 1368ರಲ್ಲಿ ಆನೆಗುಂದಿ, ಪೆನುಗೊಂಡೆ ಕಡೆಯ ಜೈನರು ವೈಷ್ಣವರ ಮೇಲೆ ದೂರು ಹೊತ್ತು ಬುಕ್ಕರಾಯನ ಹತ್ತಿರ ಹೋದರು. ಅವನು ಜೈನರ ಕೈಯನ್ನು ವೈಷ್ಣವರ ಕೈಗಿಟ್ಟ ಅನ್ನುವುದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಆ ತೀರ್ಪು ಕೆತ್ತಿಸಿದ ಶಾಸನದ ಮುಂದಿನ ಭಾಗ. ಜೈನರಿಗೆ ಪಂಚಮಹಾವಾದ್ಯ, ಕಳಶದ ಹಕ್ಕು ಉಂಟು. ಮನೆಗಿಷ್ಟು ಅಂತ ಹಣ ಎತ್ತಿ ಶ್ರವಣಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡಬೇಕು. ಉಳಿದ ದುಡ್ಡಲ್ಲಿ ಬಸದಿಗಳ ರಿಪೇರಿ. ಯಾರಿಗೆ ಏನು ಅಂತ ಬರೆದಿಟ್ಟಿದ್ದಾರೆ.

ಆಗ್ಸ್‌ಬರ್ಗ್‌ನವರಿಗೂ ಕೊನೆಗೆ ಕೈಹಿಡಿದದ್ದು ಇದೇ ಬುದ್ಧಿ. 1555ರಲ್ಲಿ ಇದೇ ಊರಲ್ಲಿ ಮೊದಲ ಒಪ್ಪಂದ ಆಗಿತ್ತು. ಆದರೆ ಅದರಲ್ಲಿ ದೊರೆಯ ಧರ್ಮವೇ ಪ್ರಜೆಯ ಧರ್ಮ, ಒಪ್ಪದವನು ಊರು ಬಿಡಬಹುದು. ಪ್ರೊಟೆಸ್ಟಂಟರಲ್ಲೇ ಇನ್ನೊಂದು ಪಂಗಡವಾದ ಕ್ಯಾಲ್ವಿನ್‌ನ ಹಿಂಬಾಲಕರಿಗೆ ಜಾಗವೇ ಇರಲಿಲ್ಲ. ಈ ಯುದ್ಧಗಳನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ ಈ ಊರಿಗೆ ಬೇರೆಯೇ ಏರ್ಪಾಡು ಬಂತು. ಜಗಳವಾಡಿದ ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಂಡ ಹಾಗೆ, ನಗರದ ಎರಡು ಮುಖ್ಯಸ್ಥರ ಹುದ್ದೆಯಲ್ಲಿ ಒಂದು ಕ್ಯಾಥೊಲಿಕರಿಗೆ ಒಂದು ಪ್ರೊಟೆಸ್ಟಂಟರಿಗೆ, ಕೆಳಗಿನ ಅಧಿಕಾರಗಳೂ ಅರ್ಧ ಅರ್ಧ. ಸಮ ಹಂಚಲು ಆಗದ ಹುದ್ದೆಗೆ ಸರದಿ. 1806ರ ಹೊತ್ತಿಗೆ ಊರು ಬವೇರಿಯಾಕ್ಕೆ ಸೇರುವವರೆಗೂ ಇದು ನಡೆಯಿತು. ನಡುವೆ ಕ್ಯಾಥೊಲಿಕರ ಸಂಖ್ಯೆ ಜಾಸ್ತಿಯಾದರೂ ಪಾಲು ಬದಲಾಗಲಿಲ್ಲ.

ಇದರಿಂದ ಪ್ರೀತಿ ಉಕ್ಕಿ ಹರಿಯಿತಾ? ಇಲ್ಲ. ಅವರ ಮದುವೆ ಇವರಲ್ಲಿ ನಡೆಯುತ್ತಿದ್ದದ್ದು ಅಪರೂಪ, ಮಕ್ಕಳಿಗಿಡುವ ಹೆಸರೂ ಬೇರೆ ಬೇರೆ. ಆದರೆ ಬೀದಿಯಲ್ಲಿ ರಕ್ತ ಹರಿಯುವುದು ನಿಂತಿತು. ಸಹಿಷ್ಣುತೆ ಬಗ್ಗೆ ಭಾಷಣ ಮಾಡುವವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ, ನನಗಂತೂ ಇಂಥ ಒಣ ಲೆಕ್ಕಪತ್ರದ ಮೇಲೇ ನಂಬಿಕೆ ಜಾಸ್ತಿ.

ಒಂದು ತಕರಾರು ಇದೆ. ಎರಡೇ ಪಾಲು ಮಾಡಿದರೆ ಮೂರನೆಯವನು ಹೊರಗೇ. ಯಹೂದಿಗಳನ್ನು ಈ ಊರು 15ನೇ ಶತಮಾನದಲ್ಲೇ ಓಡಿಸಿತ್ತು, 1648ರ ಹಂಚಿಕೆಯಲ್ಲಿ ಅವರ ಸುದ್ದಿಯೇ ಇಲ್ಲ. ಪಾಲಿದ್ದವರಿಗೂ ಎಲ್ಲ ಬಾಗಿಲು ತೆರೆದಿಲ್ಲ. ಇದೇ ಊರಿನ ಶ್ರೀಮಂತ ವ್ಯಾಪಾರಿ ಯಾಕೋಬ್ ಫುಗ್ಗರ್ 1521ರಲ್ಲಿ ಬಡವರಿಗೆ ಕಟ್ಟಿಸಿದ ಫುಗ್ಗರಾಯ್ ಮನೆಗಳ ಬಾಡಿಗೆ ಇವತ್ತಿಗೂ ವರ್ಷಕ್ಕೆ 88 ಸೆಂಟ್, ಒಂದು ಯೂರೋ ಕೂಡ ಅಲ್ಲ! ದಿನಕ್ಕೆ ಮೂರು ಪ್ರಾರ್ಥನೆ ಹೇಳಬೇಕು, ಮತ್ತೆ ಕ್ಯಾಥೊಲಿಕರೇ ಆಗಿರಬೇಕು. ಎದುರು ಬೀದಿಯ ಬಡ ಪ್ರೊಟೆಸ್ಟಂಟ್ ಅಜ್ಜಿಗೆ ಅಲ್ಲಿ ಮನೆ ಸಿಗೋದಿಲ್ಲ.